ಬಲಗಡೆಯ ಹಾಶಿಯಾ

ಅಕ್ಕನ ಪರೀಕ್ಷೆಯ ಫಲ ಬರುವ ಹಿಂದಿನ ದಿನ ಭಾಲ್ಕಿಯ ನಮ್ಮ ಮನೆಯಲ್ಲಿ ಬಾವಿಯ ಬಗ್ಗೆ ಜಗಳ ನಡೆದಿತ್ತು. ಅಪ್ಪ ಸಾಲೆಯ ಮಾಸ್ತರರಾದ್ದರಿಂದ ನಮ್ಮ ಮನೆಯಲ್ಲಿ ಜಗಳಕ್ಕೂ ಪಾಠಕ್ಕೂ ಹೆಚ್ಚು ಅಂತರವಿರಲಿಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಮೊರದಲ್ಲಿ ಶೇಂಗಾ ಸುಲಿದು ಹಾಕುತ್ತಿದ್ದಳು. ನಡುನಡುವೆ ಒಂದೊಂದು ಬಾಯಿಗೂ ಹೋಗುತ್ತಿತ್ತು. ಅಪ್ಪನ ಅವ್ವ, ನಮ್ಮ ಆಯಿ, ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಅಪ್ಪನ ಎದುರು ತಲೆ ತಗ್ಗಿಸಿ ನಿಂತಿದ್ದೆ. "ನಮ್ಮ ಬಾವಿ" ಎಂದು ನಾನು ಬರೆದ ನಿಬಂಧವನ್ನು ಅಪ್ಪ ಮತ್ತೆ ತಿರುಗಿಸಿ ಕೊಟ್ಟಿದ್ದರು. ಎಷ್ಟನೆಯ ಸಲವೋ ನೆನಪಿಲ್ಲ. ಆ ಹಾಳೆಯನ್ನು ಒಲೆಗೆ ಹಾಕಬೇಕು ಎನ್ನಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಇದು ಆಯಿ ಮಾತು. ಇಲ್ಲಿಂದ ಇಲ್ಲಿತನಾ ಮಹಬೂಬ ಚಾಚಾಂದು. ಕೆಳಗಿಂದು ನಿಮ್ಮವ್ವಂದು. ಇದರಾಗ ನೀ ಎಲ್ಲಿದ್ದಿ, ಕಮಲಿ?"

"ಪೂರಾ ನಾನೇ ಬರದೀನಲ್ಲರೀ ಅಪ್ಪಾ. ಅಕ್ಷರ ನಂದೇ ಅದ."

"ಅಕ್ಷರ ನಿಂದದ. ಮಾತು ನಿಂದಲ್ಲ."

ಅಕ್ಕ ನಕ್ಕಳು. ನಾನು ಅವಳ ಮೊರಕ್ಕೆ ಕೈ ಹಾಕಿ ಒಂದು ಹಿಡಿ ಶೇಂಗಾ ಕಸಿದುಕೊಂಡೆ. ಆಕೆ ನನ್ನ ಜಡೆ ಹಿಡಿದು ಎಳೆದಳು. ನಮ್ಮ ಮನೆಯ ಮಾಮೂಲು ದಿನಗಳಲ್ಲಿ ಅದು ಕೊನೆಯದು ಎಂದು ತಿಳಿದಿದ್ದರೆ ನಾನು ಇನ್ನಷ್ಟು ಸರಿಯಾಗಿ ನೋಡಿಟ್ಟುಕೊಳ್ಳುತ್ತಿದ್ದೆ. ಈಗ ನೋಡಿದರೆ, ಅಕ್ಕ ಅಂದು ಯಾವ ಲಂಗ ಉಟ್ಟಿದ್ದಳು ಎಂಬುದೂ ನನಗೆ ನೆನಪಾಗುವುದಿಲ್ಲ.

ಬಾವಿ ನಮ್ಮ ಹಿತ್ತಿಲಿಗೂ ಮಹಬೂಬ ಚಾಚಾನ ಹಿತ್ತಿಲಿಗೂ ನಡುವೆ ಇತ್ತು. ಚಾಚಾ ರೈಲು ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದರು. ನೀರು ಒಂದೇ, ರಾಟೆಗಳು ಎರಡು. ಅದನ್ನು ತೋಡಿಸಿದವರು ಯಾರು ಎಂಬುದರ ಮೇಲೆ ಎರಡೂ ಮನೆಗಳು ತಲೆಮಾರಿನಿಂದ ವಾದಿಸುತ್ತಿದ್ದವು. ವಾದಿಸುತ್ತಲೇ ಒಬ್ಬರ ಕೊಡಕ್ಕೆ ಇನ್ನೊಬ್ಬರು ನೀರು ಸುರಿಯುತ್ತಿದ್ದರು. ಅಪ್ಪ ಅದನ್ನೇ ನನಗೆ ಪಾಠಕ್ಕೆ ಕೊಟ್ಟಿದ್ದರು: ಹೋಗಿ ಕೇಳು, ಬರಕೊಂಡು ಬಾ. ನಾನು ಕೇಳಿದೆ.

"ನಮ್ಮತ್ತಿ ಊರಬಾವಿಗೆ ಹೋದಾಗ ಯಾವಾಕಿನೋ ಒಬ್ಬಾಕಿ ಕೊಡಕ್ಕ ಒದ್ದಳಂತ," ಎಂದಳು ಆಯಿ. "ಸಿಟ್ಟಿಗೆದ್ದು ಬಂದಾಕಿನೇ, ಮನ್ಯಾಗ ಬಾವಿ ಆಗೋತನಾ ಒಲಿ ಹಚ್ಚಂಗಿಲ್ಲ ಅಂದಳು. ಆಕಿ ಸಿಟ್ಟಿಂದ ಆದ ಬಾವಿ ಇದು."

ಗೋಡೆಯಾಚೆ ಕುದುರೆಗೆ ಹುಲ್ಲು ಹಾಕುತ್ತಿದ್ದ ಚಾಚಾ ಸುಮ್ಮನಿರಲಿಲ್ಲ.

"ಸಿಟ್ಟಿಗೆ ನೀರು ಬರ್ತದೇನು ಆಯಿ? ಸಿಟ್ಟಿಗೆ ಬರೀ ಬೆವರು ಬರ್ತದ. ನಮ್ಮ ದಾದಾ ಅಂಗೈ ಮ್ಯಾಲ ತೆಂಗಿನಕಾಯಿ ಇಟ್ಕೊಂಡು ಜಗಾ ತೋರಿಸಿದ್ರು. ಖುದಾ ಕಸಮ್, ಕಾಯಿ ತಾನೇ ಎದ್ದು ನಿಂತಿತ್ತಂತ."

"ನಿಮ್ಮಜ್ಜ ಆಗ ತಾನೇ ಎದ್ದು ನಿಲ್ಲತಿದ್ದಿಲ್ಲ, ತೊಟ್ಟಿಲದಾಗ ಇದ್ದ!"

ಅವ್ವನನ್ನು ಕೇಳಿದಾಗ ಅವಳು ರೊಟ್ಟಿ ತಿರುವುತ್ತಲೇ ಹೇಳಿದಳು:

"ನಾ ಔರಾದದಾಕಿ, ನನಗೇನು ಗೊತ್ತು? ನಾ ಮದಿವ್ಯಾಗಿ ಬಂದಾಗ ನೀರಿತ್ತು. ಅವಾಗಿಂದ ಸೇದ್ತೇನಿ. ಬ್ಯಾಸಗ್ಯಾಗ ಎರಡು ಹಗ್ಗ ಕಟ್ಟಿ ಸೇದ್ತೇನಿ. ಅಷ್ಟೇ ಬರಕೋ."

ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅವ್ವನ ಮಾತು. ಕಂಡದ್ದನ್ನು ಹೇಳಿದವಳು ಅವಳೊಬ್ಬಳೇ ಎಂದರು. ಆದರೆ ನಾನು ಮೂರನ್ನೂ ಸಾಲಾಗಿ ಬರೆದಿದ್ದೆ, ಯಾವುದನ್ನೂ ಬಿಟ್ಟಿರಲಿಲ್ಲ. ಅಪ್ಪನಿಗೆ ಅದಕ್ಕೇ ಬೇಸರ. "ಹಂಚಿನ ಮ್ಯಾಲ ಮೂರು ರೊಟ್ಟಿ ಒಂದರ ಮ್ಯಾಲೊಂದು ಹಾಕೀದಿ, ಒಂದೂ ಬೆಂದಿಲ್ಲ" ಎನ್ನುತ್ತಿದ್ದರು. ಹಾಗಾದರೆ ಏನು ಬರೆಯಬೇಕು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಅಪ್ಪನ ಮೇಲೆ ನನಗಿದ್ದ ದೊಡ್ಡ ಸಿಟ್ಟು ಇದೇ. ಬರೆದದ್ದು ತಪ್ಪು ಎಂದು ತೋರಿಸುವರು. ಸರಿಯಾದದ್ದನ್ನು ಮಾತ್ರ ಎಂದೂ ಬರೆದುಕೊಡುವವರಲ್ಲ.

ಅವರ ಪದ್ಧತಿ ಹೀಗಿತ್ತು. ಹಾಳೆಯ ಬಲಗಡೆಯ ಕಾಲು ಭಾಗವನ್ನು ಮಡಚಬೇಕು, ಹೆಬ್ಬೆರಳ ಉಗುರಿನಿಂದ ಮಡಿಕೆಯನ್ನು ತೀಡಬೇಕು, ಮತ್ತೆ ಬಿಚ್ಚಬೇಕು. ಆ ಪಟ್ಟಿಗೆ ಅವರು ಹಾಶಿಯಾ ಎನ್ನುತ್ತಿದ್ದರು, ಅಂದರೆ ಅಂಚು. ಉರ್ದು ಬಲದಿಂದ ಎಡಕ್ಕೆ ಹೋಗುವ ಬರಹ, ಅದರ ಅಂಚು ಬಲಕ್ಕೇ ಇರುತ್ತದೆ. ಅಪ್ಪ ಕಲಿತದ್ದೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು, ಇದು ಅವರ ಕಾಲದ ಎಲ್ಲರ ಕಥೆ. ಸಾಲೆಗಳು ಕನ್ನಡಕ್ಕೆ ತಿರುಗಿದಾಗ ಅವರು ತಮ್ಮ ವಿದ್ಯಾರ್ಥಿಗಳ ಜೊತೆಗೇ ಕನ್ನಡ ಬರೆಯಲು ಕಲಿತರು. ಅವರ ಕನ್ನಡ ಅಕ್ಷರ ಕೊನೆಯವರೆಗೂ ಸಣ್ಣ ಮಕ್ಕಳ ಬರಹದಂತೆ ದುಂಡಗೆ, ಒಂದೊಂದೂ ಬಿಡಿಬಿಡಿಯಾಗಿ ಇತ್ತು. ಉರ್ದು ಮಾತ್ರ ಓಡುತ್ತಿತ್ತು. ಹಾಗಾಗಿ ಕನ್ನಡದ ನಿಬಂಧಕ್ಕೂ ಹಾಶಿಯಾ ಬಲಕ್ಕೇ, ಅದರಲ್ಲಿನ ಟಿಪ್ಪಣಿ ಉರ್ದುವಿನಲ್ಲೇ. ಎಡಗಡೆ ಯಾರು ಏನು ಹೇಳಿದರೋ ಅದು. ಬಲಗಡೆ ಮೂರು ಪ್ರಶ್ನೆ: ಕೌನ್, ಕೈಸೆ, ಔರ್. ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ಬೇರೆಯವರು ಏನನ್ನುತ್ತಾರೆ. ಇದೆಲ್ಲ ಆದ ಮೇಲೆ ಒಂದು ಸಾಲು ಖಾಲಿ ಬಿಟ್ಟು ಕೆಳಗೆ ಬರೆಯುವವರ ಸ್ವಂತ ಮಾತು. ಮೂವರನ್ನು ಕೇಳಿದರೆ ಅದು ನಾಲ್ಕನೆಯ ಮಾತು. ನಾಲ್ಕನೆಯ ಮಾತು ಯಾರಿಂದಲೂ ತಂದದ್ದಾಗಿರಬಾರದು. ಆದರೆ ಆ ಮೂವರನ್ನು ಕೇಳದೆ ಹುಟ್ಟಿದ್ದೂ ಆಗಿರಬಾರದು.

"ಹಾಶಿಯಾ ಇಲ್ಲದ ನಿಬಂಧ ಅಂದ್ರ ಕಟ್ಟಿ ಇಲ್ಲದ ಬಾವಿ. ದಾರಿಗೆ ಹೋಗೋನು ಬಿದ್ದು ಸಾಯ್ತಾನ."

ಇದನ್ನು ಅವರು ಎಷ್ಟು ಸಲ ಹೇಳುತ್ತಿದ್ದರೆಂದರೆ, ಅಪ್ಪ ಬಾಯಿ ತೆರೆಯುವುದರೊಳಗೆ ಅವ್ವ ಒಳಗಿನಿಂದ "ಬಿದ್ದು ಸಾಯ್ತಾನ" ಎಂದು ಮುಗಿಸುತ್ತಿದ್ದಳು.

ಸಂಜೆ ಹೊತ್ತು ಏಳನೆಯ ಇಯತ್ತೆಯ, ಅಂದರೆ ಏಳನೆಯ ತರಗತಿಯ, ಕೆಲವು ಹುಡುಗರು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅವರಲ್ಲಿ ಬಾಬು ಎಂಬವನಿಗೆ ಗೀಟು ಹಾಕುವ ಹುಚ್ಚು. ಮುಖ್ಯವಾದದ್ದಕ್ಕೆ ಗೀಟು ಹಾಕಿಕೊಂಡು ಬಾ ಎಂದರೆ ಪುಟವನ್ನೆಲ್ಲ ಕೆಂಪು ಪೆನ್ಸಿಲಿನಿಂದ ಉತ್ತುಕೊಂಡು ಬರುತ್ತಿದ್ದ.

"ಬಾಬೂ, ಗೀಟು ಇಲ್ಲದ್ದು ಎಲ್ಲಿ ಅದ ತೋರಸು."

"ಎಲ್ಲಾನೂ ಮುಖ್ಯನೇ ಅದರೀ ಸರ್."

"ಹಂಗಾದ್ರ ರಟ್ಟಿಗೂ ಹಾಕ್ಕೊಂಡು ಬಾ."

ಮರುದಿನ ಅವನು ರಟ್ಟಿಗೂ ಹಾಕಿಕೊಂಡು ಬಂದ. ಅಪ್ಪ ಹಣೆ ಹಿಡಿದುಕೊಂಡು ಕೂತರು. ಆಯಿ ನಗುತ್ತ, "ಮಾಸ್ತರಿಕಿ ಬಿಟ್ಟು ಟಾಂಗಾ ಹೊಡಿ ಹೋಗೋ, ಕುದುರಿಗೆ ಹೇಳಿದ್ದು ತಿಳೀತದ" ಎಂದಳು. ನಾನೂ ಬಾಬುವಿನ ಜಾತಿಯವಳೇ. ಅಪ್ಪನ ಪಾಠ ಹತ್ತಿದ್ದು ಅಕ್ಕನೊಬ್ಬಳಿಗೆ. ಸುಶೀಲಕ್ಕ ಅಪ್ಪನ ಪಕ್ಕದಲ್ಲಿ ಕೂತು ಉರ್ದು ಅಕ್ಷರಗಳನ್ನೂ ಕಲಿತಿದ್ದಳು. ನಾನು ಸಾಲೆಗೆ ಹೋಗುವ ಹೊತ್ತಿಗೆ ಉರ್ದು ಬೇಡವಾಗಿತ್ತು, ನನಗೆ ಆ ಮೂರು ಶಬ್ದಗಳು ಮಾತ್ರ ಚಿತ್ರದ ಹಾಗೆ ಗುರುತು ಸಿಗುತ್ತಿದ್ದವು. ಅಪ್ಪ ಮತ್ತು ಅಕ್ಕ ಹಾಶಿಯಾದಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆಕೆ ಬರೆಯುವಳು, ಅವರು ಅದರ ಕೆಳಗೆ ಬರೆಯುವರು, ಆಕೆ ಮತ್ತೆ ಬರೆಯುವಳು. ಒಮ್ಮೊಮ್ಮೆ ಇಬ್ಬರೂ ಏಕಾಏಕಿ ನಗುವರು. ನಾನು ಏನದು ಎಂದರೆ "ನಿನಗಲ್ಲ ಬಿಡು" ಎನ್ನುವರು. ಒಂದೇ ಹೊದಿಕೆಯಲ್ಲಿ ಮಲಗುವ ಅಕ್ಕ, ಹಾಳೆಯ ಮೇಲೆ ನನ್ನಿಂದ ಅಷ್ಟು ದೂರ ಇದ್ದಳು.

ಅಕ್ಕ ಈ ವಿದ್ಯೆಯನ್ನು ಹೇಗೆ ಕಲಿತಳು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಎಳ್ಳಮಾವಾಸ್ಯೆಯ ದಿನ ಇರಬೇಕು. ಅವ್ವನ ತವರಿನ ಹೊಲಕ್ಕೆ ಔರಾದಿಗೆ ಹೋಗಿದ್ದೆವು. ಆ ದಿನ ನಮ್ಮ ಕಡೆ ಹೊಲದಲ್ಲೇ ಊಟ. ಹಸಿ ಕಡಲೆ, ಅವರೆ, ತೊಗರಿ, ಬದನೆ, ಸೊಪ್ಪು, ಶೇಂಗಾ, ಸಿಕ್ಕಿದ್ದೆಲ್ಲ ಹಾಕಿ ಕುದಿಸಿದ ಭಜ್ಜಿ, ಅದಕ್ಕೆ ಸಜ್ಜೆಯ ರೊಟ್ಟಿ. ಅಪ್ಪ ಎಲೆಯ ಮುಂದೆ ಕೂತವರು ಭಜ್ಜಿಯಲ್ಲಿ ಬೆರಳಾಡಿಸುತ್ತ ಅಕ್ಕನಿಗೆ ಹೇಳಿದರು.

"ಸುಶೀ, ಇದರಾಗ ಅವರಿಕಾಯಿ ಎಲ್ಲದ?"

"ಇಲ್ಲೇ ಅದರೀ. ತೆಗೆದು ತೋರಿಸ್ಲೇನು?"

"ತೆಗೀಬೇಡ. ಕಾಣ್ತದಲ್ಲ, ಸಾಕು. ಆದ್ರ ಇದರ ರುಚಿ ಬರೀ ಅವರಿಕಾಯಿದಲ್ಲ. ನಿಬಂಧ ಹಿಂಗಿರಬೇಕು."

"ಮೊದಲು ಉಣ್ರಿ," ಎಂದಳು ಅವ್ವ. "ಭಜ್ಜಿಗೂ ಪಾಠ ಹೇಳಿ ಆರಿಸ್ಬ್ಯಾಡ್ರಿ."

ನನಗೆ ಆಗ ಹಸಿವಾಗಿತ್ತು. ನನ್ನ ತಲೆಗೆ ಏನೂ ಹೋಗಲಿಲ್ಲ. ಅಕ್ಕ ಮಾತ್ರ ಊಟ ಮುಗಿಯುವವರೆಗೆ ಎಲೆಯನ್ನೇ ನೋಡುತ್ತ ಉಂಡಳು.

ಆಮೇಲೆ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಾಲೆಯಲ್ಲಿ ಪೇಡೆ ಹಂಚಿದರು, ಝಂಡಾ ಏರಿಸಿದರು, ಅಪ್ಪ ಹೊಸ ಧೋತರ ಉಟ್ಟು ಹೋಗಿದ್ದರು. ಕನ್ನಡದವರೆಲ್ಲ ಒಂದಾದೆವು ಎಂದು ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅದನ್ನು ನಾನು ಬರೆಯಲೇಬೇಕು, ಯಾಕೆಂದರೆ ಮುಂದಿನದನ್ನು ಓದಿದವರು ಅವರನ್ನು ಹಳೆಯ ಕಾಲಕ್ಕೆ ಅಂಟಿಕೊಂಡ ಮನುಷ್ಯ ಎಂದುಕೊಳ್ಳಬಾರದು. ದಕ್ಷಿಣದಿಂದ ಹೊಸ ಪುಸ್ತಕಗಳು ಬಂದವು, ಹೊಸ ಅಧಿಕಾರಿಗಳು ಬಂದರು. ಅವರ ಹಿಂದೆಯೇ ತಯಾರು ನಿಬಂಧಗಳ ಗೈಡ್ ಬಂತು. ಅದರಲ್ಲಿ "ನಮ್ಮ ರಾಜ್ಯ" ಎಂಬ ನಿಬಂಧವಿತ್ತು: ಚಿನ್ನದ ಗಣಿ, ಗಂಧದ ಮರ, ಆನೆ, ಜಲಪಾತ. ಬಾಬು ಅದನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ. ಗಂಧದ ಮರ ಹೇಗಿರುತ್ತದೆ ಎಂದು ಅಪ್ಪ ಕೇಳಿದರೆ "ವಾಸನಿ ಇರ್ತದರೀ" ಎಂದು ನಿಂತುಬಿಡುತ್ತಿದ್ದ. ಗೈಡು ನಮ್ಮ ಹೊಸ್ತಿಲು ದಾಟಬಾರದು ಎಂದು ಅಪ್ಪ ಹೇಳಿದರು. ಆಯಿಗೆ ಅದು ಸರಿಬೀಳಲಿಲ್ಲ.

"ಊರ ಮಕ್ಕಳೆಲ್ಲಾ ಬಾಯಿಪಾಠ ಮಾಡ್ಲಿಕತ್ತಾವ. ನಿನ್ನ ಮಗಳು ಮಾತ್ರ ಮಂದೀನ ಕೇಳ್ಕೋತ ಓಣಿ ತಿರಗತಾಳ. ನಪಾಸಾದ್ರ ಏನು ಮಾಡ್ತಿ?"

"ಆಗಂಗಿಲ್ಲ."

"ಆದ್ರ?"

"ಆದ್ರ ಡಾಬಕಾದವರಿಗೆ ಹ್ಞೂಂ ಅನ್ನು. ನಾ ಅಡ್ಡ ಬರಂಗಿಲ್ಲ."

ಡಾಬಕಾ ಔರಾದಿನಾಚೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು. ಅಲ್ಲಿಯ ಹೊಲಮನೆಯವರೊಬ್ಬರು ಅಕ್ಕನನ್ನು ನೋಡಿಕೊಂಡು ಹೋಗಿದ್ದರು. ಒಳ್ಳೆಯ ಮಂದಿ. ಆಗಿನ ಕಾಲಕ್ಕೆ ಅಕ್ಕನ ವಯಸ್ಸು ಸಣ್ಣದೆಂದು ಯಾರೂ ಅನ್ನುತ್ತಿರಲಿಲ್ಲ. ಆದರೆ ಏಳನೆಯದು ಪಾಸಾದರೆ ಬೀದರಿನಲ್ಲಿ ಮಾಸ್ತರಿಕೆಯ ಟ್ರೇನಿಂಗಿಗೆ ಹೋಗಬಹುದಿತ್ತು, ಅಕ್ಕನಿಗೆ ಬೇಕಾದದ್ದು ಅದು. ಕಂಬದ ಮುಂದೆ ನನ್ನನ್ನೂ ಚಾಚಾನ ಮಗಳನ್ನೂ ಕೂರಿಸಿ ಅವಳು ಆಡುತ್ತಿದ್ದದ್ದು ಸಾಲೆಯ ಆಟವೊಂದೇ. ಆಯಿ ಮತ್ತು ಅಪ್ಪನ ನಡುವಿನ ಆ ಮಾತು ಅಕ್ಕನ ಎದುರಿಗೇ ಆಯಿತು. ಆಕೆ ಹಾಳೆ ಮಡಚಿ ಉಗುರಿನಿಂದ ತೀಡಿದಳು.

ಪರೀಕ್ಷೆಯಲ್ಲಿ ನಿಬಂಧಕ್ಕೆ ಬಂದದ್ದು "ನಮ್ಮ ರಾಜ್ಯ"ವೇ. ಸಂಜೆ ಅಕ್ಕ ಚಕ್ಕಡಿಯಿಂದ ಹಾರಿ ಇಳಿದು ಒಳಗೆ ಓಡಿಬಂದಳು. ಗೈಡಿನ ಗಂಧದ ಮರವನ್ನು ಅವಳು ಬರೆದಿರಲಿಲ್ಲ. ರಾಜ್ಯ ಬದಲಾದದ್ದಕ್ಕೆ ಆಯಿ ಏನು ಹೇಳುತ್ತಾಳೆ, ಚಾಚಾ ಏನು ಹೇಳುತ್ತಾರೆ, ಸಾಲೆಯ ಪುಸ್ತಕ ಏನು ಹೇಳುತ್ತದೆ, ಈ ಮೂರನ್ನು ಬರೆದಿದ್ದಳು. ಆಯಿಯ ಮಾತು ನಮಗೆ ಗೊತ್ತಿದ್ದದ್ದೇ: ರಾಜ್ಯ ಯಾರದಾದರೇನು, ಬೇಸಿಗೆಯಲ್ಲಿ ಹಗ್ಗ ಸಾಲುವುದಿಲ್ಲ. ಚಾಚಾನ ಮಾತೂ ಗೊತ್ತಿತ್ತು: ನಾನು ಇದ್ದಲ್ಲೇ ಇದ್ದೇನೆ, ಊರೇ ಬಂದು ಬೇರೆ ರಾಜ್ಯದಲ್ಲಿ ಇಳಿದಿದೆ, ಟಾಂಗಾದ ಬಾಡಿಗೆಯನ್ನೂ ಕೊಟ್ಟಿಲ್ಲ. ಅಪ್ಪ ಕೇಳುತ್ತ ಕೇಳುತ್ತ ಎದ್ದು ನಿಂತಿದ್ದರು.

"ಹಾಶಿಯಾ?"

"ಬಿಟ್ಟೀನ್ರಿ. ಮೂರೂ ಹಾಕೀನ್ರಿ."

"ನಾಲ್ಕನೇದು? ನಿನ್ನ ಮಾತು ಏನು ಬರದಿ?"

"ಪಾಸಾದ ಮ್ಯಾಲ ಹೇಳ್ತೇನ್ರಿ."

ಅಪ್ಪ ಒತ್ತಾಯ ಮಾಡಲಿಲ್ಲ. ನಾನು ಮಾಡಿದೆ. ಹೊದಿಕೆಯೊಳಗೆ ಚಿವುಟಿ ಕೇಳಿದೆ. "ನಿನಗೂ ಪಾಸಾದ ಮ್ಯಾಲೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಫಲ ಬಂದ ದಿನ ಬಾಬು ಪೇಡೆ ತಂದು ಅಪ್ಪನ ಕಾಲಿಗೆ ಬಿದ್ದ. ಪಡಸಾಲೆಗೆ ಬರುತ್ತಿದ್ದ ಹುಡುಗರೆಲ್ಲ ಪಾಸಾಗಿದ್ದರು. ಪರೀಕ್ಷೆಯಲ್ಲಿ ಯಾರೂ ಹಾಳೆ ಮಡಚಿರಲಿಲ್ಲ. ಗೈಡನ್ನು ಬರೆದು ಬಂದಿದ್ದರು. ಅಕ್ಕನ ನಂಬರಿನ ಮುಂದೆ ಪಾಸು ಅಂತಲೂ ಇರಲಿಲ್ಲ, ನಪಾಸು ಅಂತಲೂ ಇರಲಿಲ್ಲ. ತಡೆಹಿಡಿಯಲಾಗಿದೆ ಎಂದಿತ್ತು. ಆ ಶಬ್ದದ ಅರ್ಥ ಅವ್ವನಿಗೆ ತಿಳಿಯಲಿಲ್ಲ. ಅಪ್ಪ ಎರಡು ಸಲ ಹೇಳಬೇಕಾಯಿತು.

ಅಪ್ಪ ಅಕ್ಕನನ್ನು ಕರೆದುಕೊಂಡು ರೈಲಿನಲ್ಲಿ ಬೀದರಿಗೆ ಹೋದರು. ಕುದುರೆಗೆ ಹೊಸ ಲಗಾಮು ತರಬೇಕೆಂದು ಚಾಚಾನೂ ಜೊತೆಗೆ ಹೋದರು. ಲಗಾಮಿನ ನೆವ ಅದು, ಅಪ್ಪ ಒಬ್ಬರೇ ಹೋಗಬಾರದೆಂದು ಹೋಗಿದ್ದರು. ಕಚೇರಿಯಲ್ಲಿ ಏನಾಯಿತು ಎಂಬುದನ್ನು ನಾನು ಕಂಡಿಲ್ಲ. ಅಪ್ಪ ಹೇಳಿದ್ದನ್ನೂ ಚಾಚಾ ಹೇಳಿದ್ದನ್ನೂ ಬರೆಯುತ್ತೇನೆ. ಅಪ್ಪ ಉಣ್ಣುವಾಗ ಅವ್ವನಿಗೆ ಹೇಳಿದ್ದು ಇಷ್ಟು. ಪತ್ರಿಕೆಯ ಬಲ ಅಂಚಿನಲ್ಲಿ ಬೇರೆ ಲಿಪಿಯ ಗುರುತುಗಳಿವೆ, ಪರೀಕ್ಷಕರಿಗೆ ಗುರುತು ಸಿಗಲೆಂದು ಹೀಗೆ ಮಾಡಿರಬಹುದು, ಎಂದು ವರದಿ ಬಂದಿದೆ. ಅಪ್ಪ ಅದು ತಮ್ಮ ಪಾಠದ ಪದ್ಧತಿ, ತಾವೇ ಕಲಿಸಿದ್ದು ಎಂದರು. ಅಧಿಕಾರಿ ದಕ್ಷಿಣದ ಕಡೆಯವರು, ಗಟ್ಟಿಯಾಗಿ ಮಾತಾಡುವವರಲ್ಲ.

"ಮೇಷ್ಟ್ರೇ, ನೀವು ಹೀಗೆ ಹೇಳಿದರೆ ಇನ್ನೂ ತೊಂದರೆ. ಮೇಷ್ಟ್ರೇ ಗುರುತು ಹಾಕಲು ಹೇಳಿಕೊಟ್ಟರು ಅಂತಾಗುತ್ತೆ."

"ಗುರುತು ಅಲ್ಲರೀ ಸಾಹೇಬ್ರ. ಯಾರು ಹೇಳ್ಯಾರ, ಅವರಿಗೆ ಹ್ಯಾಂಗ ಗೊತ್ತು, ಇಷ್ಟೇ ಬರದಾಳ್ರಿ. ಪತ್ರಿಕೆ ತಗಿಸ್ರಿ, ನಾ ಓದಿ ತೋರಿಸ್ತೇನಿ."

"ಪತ್ರಿಕೆ ನನ್ನ ಹತ್ತಿರ ಇಲ್ಲವಲ್ಲ. ಬರೀ ವರದಿ ಇದೆ. ಪರೀಕ್ಷೆಯ ನಿಬಂಧಕ್ಕೆ ಇದೆಲ್ಲ ಯಾಕೆ ಬೇಕಿತ್ತು? ಗೊತ್ತಿದ್ದನ್ನು ನೆಟ್ಟಗೆ ಬರೆದಿದ್ದರೆ ಆಗುತ್ತಿತ್ತು."

ಅವ್ವ ಕೇಳಿದಳು: "ಸುಶೀ ಏನಂದಳು?"

"ಆಕಿ ಏನೂ ಅನ್ನಲಿಲ್ಲ. ಸುಮ್ಮ ನಿಂತಿದ್ದಳು."

ಆದರೆ ಚಾಚಾ ವರಾಂಡದಲ್ಲಿ ಕೂತಿದ್ದವರು. ಮರುದಿನ ಬಾವಿಯ ಹತ್ತಿರ ಅವರು ನನಗೆ ಹೇಳಿದ್ದು ಬೇರೆ.

"ಬೇಟಿ ಏನೋ ಒಂದು ಮಾತು ಹೇಳಿದಳು. ಸಣ್ಣ ದನಿ, ನನಗ ಕೇಳಿಸಲಿಲ್ಲ. ಆದ್ರ ಸಾಹೇಬ್ರು ಪೆನ್ನು ಕೆಳಗಿಟ್ಟು ಆಕಿ ಮಾರಿ ನೋಡಿದ್ರು. ಅದನ್ನ ಮಾತ್ರ ನಾ ನೋಡೀನಿ."

"ಏನು ಹೇಳಿರಬೇಕು ಚಾಚಾ?"

"ಕೇಳಿಸದ್ದು ನಾ ಹ್ಯಾಂಗ ಹೇಳ್ಲಿ? ನಿಮ್ಮಪ್ಪನೇ ಹಾಶಿಯಾದಾಗ ನನ್ನ ಹೆಸರು ಬರದು ಕೈಸೆ ಅಂತ ಕೇಳ್ತಾರ."

ಅವರು ನಗಿಸಲೆಂದು ಹೇಳಿದರು. ನನಗೆ ನಗು ಬರಲಿಲ್ಲ. ಕಚೇರಿಯಿಂದ ಹೊರಟು ಮೂವರೂ ಬೀದರಿಗೆ ಹತ್ತಿದ ನೌಬಾದದಲ್ಲಿ ಅಪ್ಪನ ಸೋದರತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದರಂತೆ. ಅಕ್ಕ ಪುಂಡಿಪಲ್ಯ ಕಲಸಿಕೊಂಡು ಉಣ್ಣದೆ ಎದ್ದಳಂತೆ. ಇದನ್ನು ಇಬ್ಬರೂ ಹೇಳಿದರು, ಹಾಗಾಗಿ ಇದು ನಿಜವಿರಬೇಕು.

ಇನ್ನೊಮ್ಮೆ ಕೂರಬಹುದಿತ್ತು. ಮುಂದಿನ ವರ್ಷದ ಪರೀಕ್ಷೆಗೆ ಅಡ್ಡಿಯಿಲ್ಲ ಎಂದು ಅಧಿಕಾರಿ ಹೇಳಿ ಕಳಿಸಿದ್ದರು. ಅಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಯಿಯನ್ನೂ ಒಪ್ಪಿಸಿದರು. ಆಯಿ ಬೈಯುತ್ತ ಬೈಯುತ್ತಲೇ ಡಾಬಕಾಕ್ಕೆ ಒಂದು ವರ್ಷ ತಡೆಯಿರಿ ಎಂದು ಹೇಳಿಕಳಿಸಲು ಸಿದ್ಧಳಾದಳು. ಎಲ್ಲವೂ ಸರಿಹೋಗುತ್ತಿತ್ತು. ಒಂದು ಸಂಜೆ ಅಪ್ಪ ಪಡಸಾಲೆಯಲ್ಲಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು. ನಾನು ದೀಪದ ಗಾಜು ಒರೆಸುತ್ತಿದ್ದೆ.

"ಮುಂದಿನ ವರ್ಷ ಹಾಳಿ ಮಡಚಬ್ಯಾಡ, ಸುಶೀ. ಬಲಕ್ಕ ಏನೂ ಬರೀಬ್ಯಾಡ. ಗೈಡ್ ತರಿಸ್ತೇನಿ. ಅವರಿಗೆ ಬೇಕಾದದ್ದು ಬರದು ಬಾ. ಪಾಸಾದ ಮ್ಯಾಲ ಮನಿಯಾಗ ನಮ್ಮದು ನಾವು ಬರಕೊಳ್ಳೋಣ."

ಅಕ್ಕ ತಲೆ ಎತ್ತಿ ಕೇಳಿದಳು:

"ಹಾಶಿಯಾ ಇಲ್ಲದ್ದು ತಂದ್ರ ನೀವು ಓದತೀರೇನ್ರಿ ಅಪ್ಪಾ?"

ಅಪ್ಪ ಉತ್ತರ ಕೊಡಲಿಲ್ಲ. ಓದುತ್ತೇನೆ ಎಂದಿದ್ದರೂ ಆಗುತ್ತಿತ್ತು, ಓದುವುದಿಲ್ಲ ಎಂದಿದ್ದರೂ ಆಗುತ್ತಿತ್ತು. ಜೀವನವಿಡೀ ಎಲ್ಲರ ಹಾಳೆಯ ಮೇಲೆ ನಿನ್ನ ಮಾತು ಎಲ್ಲಿ ಎಂದು ಬರೆದ ಮನುಷ್ಯ ಆ ಹೊತ್ತಿಗೆ ಬಾಯಿ ಬಿಡಲಿಲ್ಲ. ಇಷ್ಟು ವರ್ಷವಾದರೂ ನನಗೆ ಅದರ ಮೇಲಿನ ಸಿಟ್ಟು ಹೋಗಿಲ್ಲ. ಅಕ್ಕನ ಮೇಲೂ ಸಿಟ್ಟಿದೆ. ಒಂದು ವರ್ಷ, ಒಂದು ಗೈಡು, ನುಂಗಿಬಿಟ್ಟಿದ್ದರೆ ಏನಾಗುತ್ತಿತ್ತು? ಆಕೆ ಎದ್ದು ಆಯಿಯ ಹತ್ತಿರ ಹೋದಳು.

"ಆಯಿ, ಡಾಬಕಾದವರಿಗೆ ಹ್ಞೂಂ ಅನ್ನು."

"ನಿಮ್ಮಪ್ಪ ಮುಂದಿನ ವರ್ಷ ಅಂತಾನಲ್ಲ?"

"ನನಗ ಬ್ಯಾಡ."

ಆಯಿಗೆ ಗೆದ್ದ ಸಂತೋಷವಾಗಲಿಲ್ಲ. ಅವಳು ಅಕ್ಕನ ತಲೆಯ ಮೇಲೆ ಕೈಯಿಟ್ಟಳು. ಬೇಸಿಗೆಯೊಳಗೇ ಮದುವೆಯಾಯಿತು. ಮಹಬೂಬ ಚಾಚಾ ಕುದುರೆಗೆ ಹೊಸ ಲಗಾಮು ಹಾಕಿ, ಅದರ ಹಣೆಗೆ ಚೆಂಡುಹೂವು ಕಟ್ಟಿ ಅಕ್ಕನನ್ನು ಟಾಂಗಾದಲ್ಲಿ ಬಸ್ಸಿನವರೆಗೆ ಬಿಟ್ಟುಬಂದರು. ಹೊದಿಕೆಯಲ್ಲಿ ನನ್ನ ಪಕ್ಕ ಖಾಲಿಯಾಯಿತು.

ಆಮೇಲಿನ ಅಪ್ಪ ಬೇರೆ ಅಪ್ಪ. ಕಪ್ಪು ಹಲಗೆಯ ಮೇಲೆ ನಿಬಂಧ ಬರೆಯುತ್ತಿದ್ದರು, ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ಒಳ್ಳೆಯ ಮಾಸ್ತರರೆಂದು ಹೆಸರಾಯಿತು. ಅವರ ಇಯತ್ತೆಯಲ್ಲಿ ನಪಾಸಾಗುವವರೇ ಇಲ್ಲವಾದರು. ನನ್ನ ಸರದಿ ಬಂದಾಗ ತಾವೇ ಗೈಡ್ ತಂದು ನನ್ನ ಮುಂದಿಟ್ಟರು. ಚಿನ್ನದ ಗಣಿ, ಗಂಧದ ಮರ, ಆನೆ, ಜಲಪಾತ. ನಾನು ಬಾಯಿಪಾಠ ಮಾಡಿದೆ, ಪಾಸಾದೆ, ಟ್ರೇನಿಂಗಿಗೆ ಹೋದೆ, ಸಂತಪುರದ ಸಾಲೆಯಲ್ಲಿ ಟೀಚರಾದೆ. ಅಕ್ಕ ಕೂರಬೇಕಾದ ಖುರ್ಚಿಯಲ್ಲಿ ಕೂತಿದ್ದೇನೆ ಎಂಬುದನ್ನು ಒಂದು ದಿನವೂ ಮರೆತಿಲ್ಲ. ಬಾವಿಯ ನಿಬಂಧ ಮುಗಿಸಲಾಗದ ನಾನು, ಬಾಬುವಿನ ಹಾಗೆ ಎಲ್ಲದಕ್ಕೂ ಗೀಟು ಹಾಕುತ್ತಿದ್ದ ನಾನು.

ಸಂತಪುರದಲ್ಲಿ ನಾನು ಹಾಶಿಯಾ ಕಲಿಸಲು ನೋಡಿದೆ. ಕನ್ನಡದಲ್ಲೇ, ಎಡಗಡೆಯೇ ಅಂಚು ಬಿಡಿಸಿ, ಯಾರು, ಹೇಗೆ, ಮತ್ತೆ ಎಂದು ಬರೆಯಿರಿ ಎಂದೆ. ಮಕ್ಕಳು ಕಷ್ಟಪಟ್ಟರು. ಪ್ರತಿ ಸಾಲಿನ ಪಕ್ಕದಲ್ಲೂ "ಯಾರು: ಪುಸ್ತಕ. ಹೇಗೆ: ಪುಸ್ತಕದಲ್ಲಿದೆ. ಮತ್ತೆ: ಇಲ್ಲ" ಎಂದು ಬರೆದು ತರುತ್ತಿದ್ದರು. ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರೆದು ತನ್ನಿರಿ ಎಂದರೆ ಅಜ್ಜಿಯ ಮಾತನ್ನೂ ಗೈಡಿನ ಭಾಷೆಯಲ್ಲೇ ತರುತ್ತಿದ್ದರು. ನಮ್ಮ ಕಡೆಯ ಯಾವ ಅಜ್ಜಿಯೂ "ಜಲವೇ ಜೀವನದ ಮೂಲಾಧಾರ" ಎಂದು ಹೇಳಲಾರಳು. ಮೂವರ ಮಾತು ಕೂಡಿಸಿ ನಿನ್ನ ಮಾತು ಬರೆ ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದರು.

"ಟೀಚರ್‌ರಿ, ಇದು ಪರೀಕ್ಷಾಕ್ಕ ಬರ್ತದೇನ್ರಿ?"

ಬರುವುದಿಲ್ಲ ಎಂದು ನಾನು ನಿಜ ಹೇಳುತ್ತಿದ್ದೆ. ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಪಾಲಕರೊಬ್ಬರು ಬಂದು, ನಿಮ್ಮಪ್ಪ ಎಷ್ಟು ಚೆನ್ನಾಗಿ ಹಲಗೆಯ ಮೇಲೆ ಬರೆಯುತ್ತಿದ್ದರು, ನೀವು ಮಕ್ಕಳನ್ನು ಓಣಿ ತಿರುಗಿಸುತ್ತೀರಿ ಎಂದರು. ಕೆಲವು ವರ್ಷ ಜಗ್ಗಾಡಿ ನಾನೂ ಹಲಗೆಗೆ ತಿರುಗಿದೆ. ಅಪ್ಪ ಯಾಕೆ ಹಾಗಾದರು ಎಂಬುದು ಆಗ ಸ್ವಲ್ಪ ತಿಳಿಯಿತು. ತಿಳಿದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ.

ಡಾಬಕಾಕ್ಕೆ ನಾನು ವರ್ಷಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಅಕ್ಕ ಚೆನ್ನಾಗಿಯೇ ಬಾಳಿದಳು. ಭಾವ ಸಾಧು ಮನುಷ್ಯ. ಅರ್ಧ ಮರಾಠಿ, ಅರ್ಧ ಕನ್ನಡದ ಆ ಮನೆಯಲ್ಲಿ ಅವಳ ಮಾತಿಗೆ ತೂಕವಿತ್ತು. ಪೆನ್ನು ಹಿಡಿದದ್ದನ್ನು ಮಾತ್ರ ನಾನು ಕಾಣಲಿಲ್ಲ. ಸಹಿ ಬೇಕಾದರೆ ಮೊಮ್ಮಕ್ಕಳ ಎದುರು ಹೆಬ್ಬೆರಳು ಒತ್ತಿ ನಗುತ್ತಿದ್ದಳು. ಆದರೆ ಯಾರಾದರೂ ಬಂದು ಇಂಥವಳು ಹೀಗಂತೆ, ಇಂಥವನು ಹಾಗಂತೆ ಎಂದರೆ ಸಾಕು, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಕೇಳುತ್ತಿದ್ದಳು:

"ಯಾರು ಹೇಳ್ಯಾರ? ಅವರು ನೋಡ್ಯಾರೇನು?"

ಆ ಊರಿನಲ್ಲಿ ಚಾಡಿ ಹೇಳುವವರು ಅವಳ ಮನೆಯ ಮುಂದೆ ಚಪ್ಪಲಿ ಬಿಡುತ್ತಿರಲಿಲ್ಲ. ನಾನು ಪ್ರತಿ ಸಲ ಹೋದಾಗಲೂ ಕೇಳುತ್ತಿದ್ದೆ. ಅಪ್ಪ ಇದ್ದಾಗ ಕೇಳಿದೆ, ಅಪ್ಪ ಹೋದ ಮೇಲೂ ಕೇಳಿದೆ. ಅಕ್ಕಾ, ಆ ನಿಬಂಧದ ಕೆಳಗೆ ಏನು ಬರೆದಿದ್ದೆ? ಕಚೇರಿಯಲ್ಲಿ ಆ ಸಾಹೇಬರಿಗೆ ಏನಂದೆ? ಅವಳ ಉತ್ತರ ಒಂದೇ.

"ನಾ ಪಾಸಾಗಿಲ್ಲಲ್ಲ, ಕಮಲಿ. ಪಾಸಾದ ಮ್ಯಾಲ ಹೇಳ್ತೇನಂದಿದ್ದೆ. ರೊಟ್ಟಿ ಆರ್ತದ, ಉಣ್ಣು."

ತಮಾಷೆಗೆ ಹೇಳುತ್ತಿದ್ದಳೋ, ಇನ್ನೂ ನೋವಿತ್ತೋ, ಅಥವಾ ಅವಳಿಗೇ ಮರೆತುಹೋಗಿತ್ತೋ, ನನಗೆ ಗೊತ್ತಾಗಲಿಲ್ಲ. ಕೊನೆಯ ಸಲ ಹೋದಾಗ ಅವಳಿಗೆ ಮಾತು ಬಿದ್ದುಹೋಗಿತ್ತು. ನಾನು ಅವಳ ಕೈ ಹಿಡಿದು ಕೂತೆ. ಹೊದಿಸಿದ್ದ ದುಪ್ಪಟಿಯ ಬಲ ಅಂಚನ್ನು ಅವಳು ಮಡಚಿ, ಹೆಬ್ಬೆರಳ ಉಗುರಿನಿಂದ ತೀಡಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ಸೊಸೆ, "ದಿನಾ ಹಿಂಗೇ ಮಾಡ್ತಾರ್ರಿ, ಯಾಕೋ ಏನೋ" ಎಂದಳು. ಈ ಎಳ್ಳಮಾವಾಸ್ಯೆಗೆ ಭಜ್ಜಿ ಮಾಡಿದಾಗ ಅವಳಿರಲಿಲ್ಲ.

ಇದನ್ನು ನಾನು ಬಲಗಡೆ ಹಾಳೆ ಮಡಚಿಯೇ ಬರೆದಿದ್ದೇನೆ. ಅಪ್ಪನ ಮಾತಿಗೆ ಅಪ್ಪ ಎಂದು ಹಾಕಿದ್ದೇನೆ, ಚಾಚಾನ ಮಾತಿಗೆ ಚಾಚಾ ಎಂದು, ನಾನು ಕಂಡದ್ದಕ್ಕೆ ನಾನು ಎಂದು. ಹೇಳಿದವರಾರೂ ಈಗ ಇಲ್ಲ; ಮತ್ತೆ ಹೋಗಿ ಕೇಳಿ ಬಾ ಎಂದು ಅಪ್ಪ ವಾಪಸು ಕೊಟ್ಟರೆ ನಾನು ಯಾರ ಬಾಗಿಲಿಗೂ ಹೋಗಲಾರೆ. ಒಂದು ಸಾಲು ಖಾಲಿ ಬಿಟ್ಟು ಕೆಳಗೆ ನನ್ನ ಮಾತು ಬರೆಯಬೇಕು. ನಮ್ಮ ಮನೆಯಲ್ಲಿ ಎಲ್ಲರ ಮಾತನ್ನೂ ಕೇಳಿದವಳು ಅಕ್ಕ ಒಬ್ಬಳೇ ಆಗಿದ್ದಳು. ಅವಳು ಬರೆದದ್ದನ್ನು ಓದಬಲ್ಲವರ ಕೈಗೆ ಅದು ಸಿಗಲಿಲ್ಲ. ನನ್ನ ಮಾತು ಇಷ್ಟೇ.

ಅಕ್ಕ ಆ ಪತ್ರಿಕೆಯ ಕೊನೆಗೆ ಬರೆದ ತನ್ನ ಸ್ವಂತ ಮಾತು ಏನೆಂದು ನನಗೆ ಇನ್ನೂ ಗೊತ್ತಿಲ್ಲ.